ಅರ್ಧ ಅಂಕದ ಬಾಕಿ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಮೇಷ್ಟ್ರುಗಳಿಗೆಲ್ಲ ಒಂದೊಂದು ಚಟ ಇರುತ್ತದೆ. ಕೆಲವರಿಗೆ ಚಿತ್ರವನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು, ಕೆಲವರಿಗೆ ಪ್ರಶ್ನೆಯ ಸಂಖ್ಯೆಯನ್ನು ಅಂಚಿನಲ್ಲೇ ಹಾಕಬೇಕು. ನನ್ನದು ಏಕಮಾನದ ಚಟ. ಲೆಕ್ಕ ಎಷ್ಟೇ ಸರಿಯಿರಲಿ, ಉತ್ತರದ ಮುಂದೆ ಮೀಟರೋ ಸೆಕೆಂಡೋ ನ್ಯೂಟನ್ನೋ ಬರೆಯದಿದ್ದರೆ ಕೆಂಪು ಶಾಯಿಯಲ್ಲಿ ಅರ್ಧ ಅಂಕ ಕಳೆದುಬಿಡುತ್ತಿದ್ದೆ. ಕಾಲು ಶತಮಾನಕ್ಕೂ ಹೆಚ್ಚು ಕಾಲ ಹೀಗೆ ಎಷ್ಟು ಅರ್ಧ ಅಂಕಗಳನ್ನು ಕಿತ್ತುಕೊಂಡಿದ್ದೇನೋ ಲೆಕ್ಕ ಇಟ್ಟಿಲ್ಲ. "ನಾಲ್ಕು ಎಂದರೆ ಏನಯ್ಯಾ? ನಾಲ್ಕು ಕುರಿಯೋ, ನಾಲ್ಕು ಕಿಲೋಮೀಟರೋ?" ಎಂಬುದು ನನ್ನ ಖಾಯಂ ಪ್ರಶ್ನೆ. ಮಕ್ಕಳು ನನಗೆ 'ಅರ್ಧ ಅಂಕದ ಮೇಷ್ಟ್ರು' ಎಂದು ಹೆಸರಿಟ್ಟಿರುವುದು ನನಗೆ ಗೊತ್ತಿಲ್ಲವೆಂದು ಅವರು ತಿಳಿದಿದ್ದಾರೆ. ತಿಳಿದಿರಲಿ.

ಇಂಥ ನಾನೇ 2021ರ ನವೆಂಬರಿನ ಒಂದು ಮಧ್ಯಾಹ್ನ ಏಕಮಾನ ಬರೆಯದೆ ಒಂದು ಭಾಗಾಕಾರ ಮಾಡಿದೆ. ಕಳೆದುಕೊಂಡದ್ದು ಅರ್ಧ ಅಂಕವಲ್ಲ. ಕಳೆದುಕೊಂಡವನೂ ನಾನಲ್ಲ.

ನಮ್ಮದು ಮಲೆನಾಡಿನ ಒಳಗಿನ ಊರು. ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ನಮ್ಮ ಮಕ್ಕಳ ಪಾಡು ಏನಾಯಿತೆಂದು ನೀವೂ ಬಲ್ಲಿರಿ. ಟೀವಿಯ ಚಂದನದಲ್ಲಿ 'ಸಂವೇದ' ಪಾಠಗಳು ಬಂದವು, ಮರದಡಿ, ಗುಡಿಯ ಜಗಲಿಯಲ್ಲಿ 'ವಿದ್ಯಾಗಮ' ನಡೆಯಿತು. ಮೊಬೈಲ್ ಪಾಠ ಎಂದರೆ ಮಕ್ಕಳು ಗುಡ್ಡ ಹತ್ತಬೇಕಿತ್ತು. 2021ರ ಜೂನ್ ಮಳೆಯಲ್ಲಿ ಸುಳ್ಯದ ಕಡೆ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತಲ್ಲ, ಅಂಥ ಕೊಡೆಗಳು ನಮ್ಮ ಕಡೆಯೂ ಬೇಕಾದಷ್ಟಿದ್ದವು; ಚಿತ್ರ ತೆಗೆಯುವವರು ಇರಲಿಲ್ಲ, ಅಷ್ಟೆ.

ಆ ಮಳೆಗಾಲದಲ್ಲಿ ನಮ್ಮ ಹತ್ತನೇ ತರಗತಿಯ ಹುಡುಗಿಯೊಬ್ಬಳು ಒಂದು ಕೆಲಸ ಮಾಡಿದಳು. ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ, ಪಕ್ಕಕ್ಕೆ ಸ್ಕೇಲ್ ಅಂಟಿಸಿ ಮಳೆಮಾಪಕ ಮಾಡಿಕೊಂಡಳು. ಪಾಠ ಮಾಡುವಾಗ ಎಲ್ಲರಿಗೂ ಹೇಳಿದ್ದೆ, ಮಾಡಿದವಳು ಅವಳೊಬ್ಬಳೇ. ಜೂನ್ ಒಂದರಿಂದ ಸೆಪ್ಟೆಂಬರ್ ಮೂವತ್ತರವರೆಗೆ, ಒಂದು ದಿನವೂ ಬಿಡದೆ, ಬೆಳಿಗ್ಗೆ ಎಂಟೂವರೆಗೆ ಅಂಗಳಕ್ಕಿಳಿದು ಅಳತೆ ನೋಡಿ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಳು. ಒಟ್ಟು 122 ದಿನ, 122 ಅಂಕಿ. ಜ್ವರ ಬಂದು ಮಲಗಿದ್ದ ಮೂರು ದಿನ ಅವಳ ಅಜ್ಜಿ ನೋಡಿ ಹೇಳಿದ್ದಂತೆ. ಅದನ್ನೂ 'ಅಜ್ಜಿ ನೋಡಿದ್ದು' ಎಂದು ಪ್ರಾಮಾಣಿಕವಾಗಿ ಅಂಚಿನಲ್ಲಿ ಬರೆದಿದ್ದಳು. ಮಳೆಯ ಲೆಕ್ಕಕ್ಕೂ ತಮ್ಮ ತೋಟದ ಅಡಕೆಗೆ ಕೊಳೆ ಬಂದ ದಿನಗಳಿಗೂ ತಾಳೆ ಹಾಕಿ ನೋಡಿದ್ದಳು.

ಒಂದು ಸಂಸ್ಥೆಯವರು ಶಾಲಾ ಮಕ್ಕಳ ವಿಜ್ಞಾನ ಯೋಜನೆಗಳಿಗೆ ಸ್ಪರ್ಧೆ ಇಟ್ಟಿದ್ದರು. ಯೋಜನೆಯನ್ನು ವಿಡಿಯೋ ಮಾಡಿ ಅಂತರಜಾಲದ ಮೂಲಕ ಕಳಿಸಬೇಕು. ಆಯ್ಕೆಯಾದವರಿಗೆ ಮುಂದಿನ ಎರಡು ವರ್ಷದ ಓದಿಗೆ ಸಹಾಯಧನ. ಕೊನೆಯ ದಿನ ಸಂಜೆ ಐದು ಗಂಟೆಯೊಳಗೆ ತಲುಪಬೇಕು. ಅವಳ ಅಪ್ಪನಿಗೆ ಒಂದೂವರೆ ಎಕರೆ ತೋಟ, ಮನೆ ತುಂಬ ಜನ. ಆ ಸಹಾಯಧನ ಅವರಿಗೆ ಎಷ್ಟು ಮುಖ್ಯವಾಗಿತ್ತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅಪ್ಪ, ಮಗಳು ಇಬ್ಬರೂ ನಮ್ಮ ಮನೆಗೆ ಬಂದರು. ವಿಡಿಯೋ ಇದ್ದ ಮೊಬೈಲು ತಂದಿದ್ದರು. ಕಡತದ ಗಾತ್ರ 700 ಎಂಬಿ.

"ಮೇಷ್ಟ್ರೇ, ಹತ್ತೂವರೆ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗ್ತೀನಿ. ಅಲ್ಲಿ ಸೈಬರ್ ಅಂಗಡೀಲಿ ಕೊಟ್ರೆ ತಟ್ ಅಂತ ಕಳಿಸ್ತಾರಂತೆ. ಮಧ್ಯಾಹ್ನ ಒಂದೂವರೆಗೆಲ್ಲ ಮುಟ್ತೀನಿ" ಎಂದರು ಅಪ್ಪ.

ನಾನು ನಕ್ಕೆ. "ಎಂತಕ್ಕೆ ಮಾರಾಯ್ರೇ ಸುಮ್ಮನೆ ಬಸ್ ಚಾರ್ಜು ದಂಡ? ನಮ್ಮನೇಲೇ ಇಂಟರ್‌ನೆಟ್ ಇದೆಯಲ್ಲ, ಹದಿನಾರು ಎಂಬಿ ಸ್ಪೀಡು" ಎಂದೆ. ಎಂದವನು ಸುಮ್ಮನಿರಲಿಲ್ಲ. ಮೇಷ್ಟ್ರಲ್ಲವೇ? ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಅದರ ಹಿಂದೆ ಬರೆದು ತೋರಿಸಿದೆ: 700 ಭಾಗಿಸು 16, ಬಂತು 43.75. "ನೋಡಿ, ನಲವತ್ತನಾಲ್ಕು ಸೆಕೆಂಡು. ಬೀಡಿ ಹಚ್ಚುವಷ್ಟರಲ್ಲಿ ಹೋಗಿರ್ತದೆ."

ಹುಡುಗಿ ಹಾಳೆಯನ್ನೇ ನೋಡುತ್ತಿದ್ದಳು. ಏನೋ ಕೇಳಬೇಕೆಂದುಕೊಂಡವಳಂತೆ ಇದ್ದಳು; ಕೇಳಲಿಲ್ಲ. ಮೇಷ್ಟ್ರು ಬರೆದ ಲೆಕ್ಕವಲ್ಲವೇ?

ನಲವತ್ತನಾಲ್ಕು ಸೆಕೆಂಡಿನ ಕೆಲಸಕ್ಕೆ ಅವಸರವೇನು? ವಿಡಿಯೋದ ಮೊದಲಲ್ಲಿ ಶಾಲೆಯ ಹೆಸರು ಹಾಕೋಣ ಎಂದೆ. ನಡುವೆ ನಾಯಿ ಬೊಗಳಿದ್ದನ್ನು ತೆಗೆಯೋಣ ಎಂದೆ. ಊಟವಾಯಿತು. ಮನೆಯಾಕೆ ಬಡಿಸಿದ ಸಾರನ್ನು ಹೊಗಳಿದ್ದಾಯಿತು. ಅಂತೂ ಇಂತೂ ಕಳಿಸುವ ಗುಂಡಿ ಒತ್ತಿದಾಗ ಗಂಟೆ ಮೂರು ನಲವತ್ತು.

ಒಂದು ನಿಮಿಷವಾಯಿತು. ಪರದೆಯ ಮೇಲೆ ಶೇಕಡ ಒಂದೂ ಆಗಿರಲಿಲ್ಲ. ಹತ್ತು ನಿಮಿಷವಾಯಿತು. ಒಂಬತ್ತೂವರೆ ಶೇಕಡ. ನನ್ನ ಬಾಯಿ ಒಣಗತೊಡಗಿತು. ಅರ್ಧಕ್ಕೆ ನಿಲ್ಲಿಸಿ ಕಡತವನ್ನು ಸಣ್ಣದು ಮಾಡಿ ಕಳಿಸೋಣವೆಂದರೆ ಹೋದದ್ದೆಲ್ಲ ವ್ಯರ್ಥ, ನನ್ನ ಮುದಿ ಕಂಪ್ಯೂಟರು ಆ ಕೆಲಸಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ತಿಳಿಯದು. ಹಾಗೇ ಬಿಟ್ಟರೆ ಐದಕ್ಕೆ ಮುಗಿಯುವಂತಿಲ್ಲ. ಬಿಡಲೂ ಆಗದೆ ಹಿಡಿಯಲೂ ಆಗದೆ ಮೂವರೂ ಆ ಪಟ್ಟಿಯನ್ನೇ ನೋಡುತ್ತ ಕೂತೆವು. ಐದು ಗಂಟೆ ಹೊಡೆದಾಗ ಅದು ಎಪ್ಪತ್ತೇಳಕ್ಕೆ ಬಂದಿತ್ತು. ಆಮೇಲೆ 'ಸಮಯ ಮುಗಿದಿದೆ' ಎಂಬ ಸಾಲು ಬಂತು. ಮರುದಿನ ಪತ್ರ ಬರೆದು ಕೇಳಿಕೊಂಡೆ. ನಿಯಮ ಎಲ್ಲರಿಗೂ ಒಂದೇ ಎಂದು ಅವರು ಸೌಜನ್ಯದಿಂದಲೇ ಉತ್ತರಿಸಿದರು. ಅವರು ಹೇಳಿದ್ದು ಸರಿಯೇ.

ಹುಡುಗಿ ಅಳಲಿಲ್ಲ. "ಪರವಾಗಿಲ್ಲ ಸಾರ್" ಎಂದಳು. ಅವಳಪ್ಪ ಚಪ್ಪಲಿ ಮೆಟ್ಟುತ್ತ, "ಹೋಗ್ಲಿ ಬಿಡಿ ಮೇಷ್ಟ್ರೇ, ಮಳೆ ಅಳೆದದ್ದೇನು ಸುಳ್ಳಾಗಲ್ಲವಲ್ಲ" ಎಂದರು. ಅವರು ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

* * *

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಅದೇ ಕ್ಯಾಲೆಂಡರ್ ಹಾಳೆಯನ್ನು ಎದುರಿಗಿಟ್ಟುಕೊಂಡು, ವಿದ್ಯಾರ್ಥಿಯ ಉತ್ತರ ಪತ್ರಿಕೆ ತಿದ್ದುವಂತೆ ತಿದ್ದಲು ಕೂತೆ. 700 ಭಾಗಿಸು 16. ಎಲ್ಲಿದೆ ಏಕಮಾನ? 700 ಏನು? 16 ಏನು?

ಓದುಗರಲ್ಲಿ ಅನೇಕರಿಗೆ ಇದು ತಿಳಿದೇ ಇರಬಹುದು. ಆದರೂ ನನ್ನಂಥ ಒಬ್ಬನಿಗಾದರೂ ಉಪಯೋಗವಾದೀತೆಂದು ಬರೆಯುತ್ತೇನೆ. ಕಂಪ್ಯೂಟರಿನ ಭಾಷೆಯಲ್ಲಿ ಅತ್ಯಂತ ಚಿಕ್ಕ ಅಳತೆ ಬಿಟ್. ಸೊನ್ನೆ ಇಲ್ಲವೇ ಒಂದು, ದೀಪ ಆರಿದೆ ಇಲ್ಲವೇ ಉರಿದಿದೆ, ಅಷ್ಟೇ ಸುದ್ದಿ. ಈ ಪದವನ್ನು ಲೋಕಕ್ಕೆ ಪರಿಚಯಿಸಿದ್ದು ಕ್ಲಾಡ್ ಶಾನನ್ ಎಂಬ ಗಣಿತಜ್ಞ 1948ರಲ್ಲಿ ಪ್ರಕಟಿಸಿದ ಪ್ರಬಂಧ; ಹೆಸರು ಸೂಚಿಸಿದವರು ಜಾನ್ ಟ್ಯೂಕಿ ಎಂದು ಅವರೇ ಅಲ್ಲಿ ಹೇಳಿದ್ದಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆ ಹೆಸರು 1956ರಲ್ಲಿ ಐಬಿಎಂನ ವೆರ್ನರ್ ಬುಕೋಲ್ಟ್ಸ್ ಇಟ್ಟದ್ದು. ಅಂಗಡಿಯವನು ಅಕ್ಕಿಯನ್ನು ಸೇರಿನಲ್ಲಿ ಬೆಲೆ ಕಟ್ಟಿ ಅರೆಪಾವಿನಲ್ಲಿ ಅಳೆದುಕೊಟ್ಟಂತೆ ಇದು. ಒಂದು ಸೇರಿಗೆ ನಾಲ್ಕು ಪಾವು, ಎಂಟು ಅರೆಪಾವು. ಕಡತದ ಗಾತ್ರವನ್ನು ಹೇಳುವುದು ಬೈಟ್ ಎಂಬ ಸೇರಿನಲ್ಲಿ. ಸಂಪರ್ಕದ ವೇಗವನ್ನು ಹೇಳುವುದು ಬಿಟ್ ಎಂಬ ಅರೆಪಾವಿನಲ್ಲಿ. ನಾನು ಸೇರನ್ನು ಅರೆಪಾವಿನಿಂದ ನೇರವಾಗಿ ಭಾಗಿಸಿ ಬೀಗಿದ್ದೆ.

ಇಂಗ್ಲಿಷಿನಲ್ಲಿ ಬರೆಯುವಾಗ ಬಿಟ್‌ಗೆ ಸಣ್ಣ 'ಬಿ', ಬೈಟ್‌ಗೆ ದೊಡ್ಡ 'ಬಿ' ಎಂದು ಗುರುತು ಇದೆ. ಕಣ್ಣು ಸ್ವಲ್ಪ ಚುರುಕಾಗಿದ್ದರೆ ಗೊತ್ತಾಗುತ್ತದೆ. ನಮ್ಮ ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. 'ಎಂಬಿ' ಎಂದು ಬರೆದರೆ ಎರಡೂ ಒಂದೇ. ಆದ್ದರಿಂದ ಕನ್ನಡದಲ್ಲಿ ಬರೆಯುವವರು ಮೈಗಳ್ಳತನ ಮಾಡದೆ ಮೆಗಾಬಿಟ್, ಮೆಗಾಬೈಟ್ ಎಂದು ಪೂರ್ತಿ ಬರೆಯಬೇಕು. ಇದು ನಾನು ದುಬಾರಿ ಬೆಲೆ ತೆತ್ತು ಕಲಿತ ವ್ಯಾಕರಣ.

ಇದು ಮೊದಲ ತಪ್ಪು, ಎಂಟು ಪಟ್ಟು. ಎರಡನೆಯದು ಇನ್ನೂ ದೊಡ್ಡದು. ನಮ್ಮ ಮನೆಗೆ ಆಗ ಇದ್ದದ್ದು ಟೆಲಿಫೋನಿನ ತಾಮ್ರದ ತಂತಿಯ ಮೇಲೆ ಬರುವ ಸಂಪರ್ಕ. ಅದೇ ತಂತಿಯಲ್ಲಿ ಮಾತಿಗೆ ನಾಲ್ಕು ಕಿಲೋಹರ್ಟ್ಸ್‌ವರೆಗಿನ ಜಾಗ. ಅದರ ಮೇಲೆ, ನಮ್ಮಿಂದ ಹೊರಗೆ ಹೋಗುವ ದತ್ತಾಂಶಕ್ಕೆ ಒಂದು ಕಿರಿದಾದ ಪಟ್ಟಿ. ಅದಕ್ಕೂ ಮೇಲೆ, ಹೊರಗಿನಿಂದ ಒಳಗೆ ಬರುವ ದತ್ತಾಂಶಕ್ಕೆ ಒಂದು ಅಗಲವಾದ ಪಟ್ಟಿ. ಮನೆಯಲ್ಲಿರುವವರು ನೋಡುವುದು, ಓದುವುದು, ಇಳಿಸಿಕೊಳ್ಳುವುದೇ ಹೆಚ್ಚು, ಕಳಿಸುವುದು ಕಡಿಮೆ ಎಂಬ ಎಣಿಕೆಯಿಂದ ಎಂಜಿನಿಯರುಗಳು ಹೀಗೆ ಹಂಚಿದ್ದರು. ಒಳಬರುವ ದಾರಿ ಸೆಕೆಂಡಿಗೆ 16 ಮೆಗಾಬಿಟ್ ಆದರೆ, ಹೊರಹೋಗುವ ದಾರಿ 1 ಮೆಗಾಬಿಟ್ ಮಾತ್ರ! ಬರುವ ರಸ್ತೆ ಹೆದ್ದಾರಿ, ಹೋಗುವ ದಾರಿ ತೋಟದ ಸಂಕ. ನಾನು ಹೆದ್ದಾರಿಯ ಲೆಕ್ಕ ಹಾಕಿ ಸಂಕದ ಮೇಲೆ ಲಾರಿ ಹತ್ತಿಸಿದ್ದೆ.

ಎಂಟರ ತಪ್ಪು, ಹದಿನಾರರ ತಪ್ಪು. ಗುಣಿಸಿದರೆ 128. ನಲವತ್ತಮೂರೂ ಮುಕ್ಕಾಲು ಸೆಕೆಂಡನ್ನು 128ರಿಂದ ಗುಣಿಸಿ ನೋಡಿದೆ. 5600 ಸೆಕೆಂಡು, ಅಂದರೆ 93 ನಿಮಿಷ.

ಅಷ್ಟಕ್ಕೇ ಮುಗಿಯಲಿಲ್ಲ. ಮಂಡಿಯಲ್ಲಿ ಅಡಕೆ ಮೂಟೆ ತೂಗಿದಾಗ ಗೋಣಿಚೀಲದ ತೂಕ ಕಳೆಯುತ್ತಾರಲ್ಲ, ಇಲ್ಲಿಯೂ ಹಾಗೇ. ಕಡತ ಇಡಿಯಾಗಿ ಹೋಗುವುದಿಲ್ಲ, ಸಣ್ಣ ಸಣ್ಣ ಕಟ್ಟುಗಳಾಗಿ ಹೋಗುತ್ತದೆ. ಆ ತಾಮ್ರದ ತಂತಿಯಲ್ಲಿ ಒಂದೊಂದು ಕಟ್ಟೂ 53 ಬೈಟ್. ಅದರಲ್ಲಿ 5 ಬೈಟ್ ವಿಳಾಸಕ್ಕೇ ಮೀಸಲು. ಉಳಿದ 48ರಲ್ಲೂ ಅಲ್ಲಲ್ಲಿ ಮತ್ತಷ್ಟು ಮೇಲ್ವಿಳಾಸ. ಹೀಗೆ ನೂರರಲ್ಲಿ ಹತ್ತು ಪಾಲು ಗೋಣಿಚೀಲಕ್ಕೆ ಹೋಯಿತೆಂದರೂ 93 ನಿಮಿಷ 103 ಮುಕ್ಕಾಲು ನಿಮಿಷವಾಗುತ್ತದೆ. ಮೂರು ನಲವತ್ತಕ್ಕೆ ಹೊರಟದ್ದು ಮುಟ್ಟಬೇಕಾದದ್ದು ಐದು ಇಪ್ಪತ್ತನಾಲ್ಕಕ್ಕೆ. ಐದು ಗಂಟೆಗೆ ಎಪ್ಪತ್ತೇಳು ಶೇಕಡ. ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ತಪ್ಪಿದ್ದು ಮೇಷ್ಟ್ರು.

* * *

ಆಮೇಲೆ ನನಗೆ ಈ ಲೆಕ್ಕದ ಹುಚ್ಚೇ ಹಿಡಿಯಿತು. ನಿಜವಾಗಿ ನೋಡಿದರೆ ಇದು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಮಾಡಿದ ನಲ್ಲಿ ಮತ್ತು ತೊಟ್ಟಿಯ ಲೆಕ್ಕ. ವೇಗವನ್ನು ಕಾಲದಿಂದ ಗುಣಿಸಿದರೆ ಪ್ರಮಾಣ. ಆ ಹುಡುಗಿಯ ಮಳೆಯೂ ಅಷ್ಟೇ. ಗಂಟೆಗೆ 20 ಮಿಲಿಮೀಟರಿನಂತೆ ಮೂರು ಗಂಟೆ ಸುರಿದರೆ 60 ಮಿಲಿಮೀಟರ್. ನೂರು ಚದರ ಮೀಟರಿನ ಮಾಡಿನ ಮೇಲೆ ಬಿದ್ದರೆ ಆರು ಸಾವಿರ ಲೀಟರ್ ನೀರು. ಜೋರು ಮಳೆ ಬೇರೆ, ಒಟ್ಟು ಮಳೆ ಬೇರೆ. ಜನ ಜೋರನ್ನು ನೋಡಿ ಬೆರಗಾಗುತ್ತಾರೆ, ಕೆರೆ ತುಂಬುವುದು ಒಟ್ಟಿನಿಂದ.

ಮೊಬೈಲಿನ ದಿನದ ಕೋಟಾ ಮುಗಿದ ಮೇಲೆ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆಂದು ಕೆಲವು ಯೋಜನೆಗಳಲ್ಲಿ ಬರೆದಿರುತ್ತಾರೆ. 'ಇನ್ನೇನು, ನೆಟ್ ಸತ್ತಂತೆ' ಎಂದು ನಾವು ಅದನ್ನು ಕಡೆಗಣಿಸುತ್ತೇವೆ. 64 ಕಿಲೋಬಿಟ್ ಎಂದರೆ ಸೆಕೆಂಡಿಗೆ 8 ಕಿಲೋಬೈಟ್. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 691 ಮೆಗಾಬೈಟ್! ಅಂದರೆ ಸತ್ತ ನೆಟ್ಟು ಎಂದು ನಾವು ಕೈಬಿಟ್ಟ ಆ ತೊಟ್ಟಿಕ್ಕುವ ನಲ್ಲಿಯೂ, ಒಂದು ಹಗಲು ಒಂದು ರಾತ್ರಿಯ ಮೇಲೆ ಸುಮಾರು ಇಪ್ಪತ್ತು ನಿಮಿಷ ಕೊಟ್ಟಿದ್ದರೆ, ಆ ಹುಡುಗಿಯ ವಿಡಿಯೋದಷ್ಟು ದತ್ತಾಂಶವನ್ನು ಹೊತ್ತು ಮುಗಿಸುತ್ತಿತ್ತು. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ತಲೆಕೆಳಗಾದ ಲೆಕ್ಕವೂ ಉಂಟು. ದಿನಕ್ಕೆ ಒಂದೂವರೆ ಗಿಗಾಬೈಟ್ ಕೋಟಾ ಎಂದರೆ 12,000 ಮೆಗಾಬಿಟ್. ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಎಡೆಬಿಡದೆ ಹರಿಸಿದರೆ 1,200 ಸೆಕೆಂಡಿನಲ್ಲಿ, ಅಂದರೆ ಇಪ್ಪತ್ತೇ ನಿಮಿಷದಲ್ಲಿ ತೊಟ್ಟಿ ಖಾಲಿ. ದಿನವಿಡೀ ಎಂದು ಕೊಟ್ಟದ್ದು ನಿಜವಾಗಿ ಇಪ್ಪತ್ತು ನಿಮಿಷದ ಐಶ್ವರ್ಯ!

ನನ್ನ ದೊಡ್ಡಪ್ಪ ಅಂಚೆ ಕಚೇರಿಯಲ್ಲಿ ತಂತಿ ಯಂತ್ರದ ಮುಂದೆ ಕೂರುತ್ತಿದ್ದರು. ಕಟ್ಟ ಕಡ, ಕಟ್ಟ ಕಡ ಎಂಬ ಆ ಸದ್ದು ಇನ್ನೂ ಕಿವಿಯಲ್ಲಿದೆ. ನಿಮಿಷಕ್ಕೆ 20 ಪದ ಕಳಿಸಿದರೆ, ಪದಕ್ಕೆ ಐದಕ್ಷರದಂತೆ, ನೂರು ಅಕ್ಷರ. ಅಕ್ಷರಕ್ಕೆ ಎಂಟು ಬಿಟ್ ಹಿಡಿದರೂ ಸೆಕೆಂಡಿಗೆ 13 ಬಿಟ್ಟು! ಅದರಲ್ಲೇ ದೇಶದ ಸಾವು, ಮದುವೆ, ನೌಕರಿಯ ಸುದ್ದಿಗಳೆಲ್ಲ ಓಡಾಡಿದವು. ಪದಕ್ಕಿಷ್ಟು ಎಂದು ದುಡ್ಡು ಕೊಡಬೇಕಾಗಿದ್ದರಿಂದ ಜನ ಒಂದು ಪದವನ್ನೂ ಹೆಚ್ಚು ಬರೆಯುತ್ತಿರಲಿಲ್ಲ. ಹಬ್ಬದ, ಮದುವೆಯ ಶುಭಾಶಯಗಳಿಗಂತೂ ಕ್ರಮಸಂಖ್ಯೆಗಳೇ ಇದ್ದವು. ಸಂಖ್ಯೆ ಕಳಿಸಿದರೆ ಸಾಕು, ಆಚೆ ಕಡೆ ವಾಕ್ಯವಾಗಿ ಅರಳುತ್ತಿತ್ತು. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ಆ ಸೇವೆ ನಿಂತಿತು. ಅದಕ್ಕೂ ಹಿಂದೆ ಹೋದರೆ, 1858ರಲ್ಲಿ ಅಟ್ಲಾಂಟಿಕ್ ಸಾಗರದಡಿ ಮೊದಲ ತಂತಿ ಹಾಕಿದಾಗ ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ಅಮೆರಿಕಕ್ಕೆ ಮುಟ್ಟಲು ಸುಮಾರು 16 ಗಂಟೆ ಹಿಡಿಯಿತು. ಗಂಟೆಗೆ ಆರು ಪದ! ಆದರೂ ಹಡಗು ಹತ್ತಿದ ಕಾಗದಕ್ಕಿಂತ ಎಷ್ಟೋ ಬೇಗ.

1995ರ ಆಗಸ್ಟ್ 15ರಂದು ನಮ್ಮಲ್ಲಿ ಸಾರ್ವಜನಿಕರಿಗೆ ಅಂತರಜಾಲ ತೆರೆದಾಗ ದೂರವಾಣಿ ಮೂಲಕ ಸಿಗುತ್ತಿದ್ದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಆ ವೇಗದಲ್ಲಿ ನಮ್ಮ ವಿಡಿಯೋ ಕಳಿಸಿದ್ದರೆ ಆರೂ ಮುಕ್ಕಾಲು ದಿನ. 1977ರಲ್ಲಿ ಭೂಮಿ ಬಿಟ್ಟ ವಾಯೇಜರ್-1 ನೌಕೆ ದೂರದ ಬಾಹ್ಯಾಕಾಶದಿಂದ ಕಳಿಸುವುದು ಸಾಮಾನ್ಯವಾಗಿ ಸೆಕೆಂಡಿಗೆ 160 ಬಿಟ್. ಅದರಿಂದ ಈ ವಿಡಿಯೋ ಬರಬೇಕಾದರೆ 405 ದಿನ! ಬೆಳಕಿನ ವೇಗದಲ್ಲಿ ಬಂದರೂ ಅದರ ಮೊದಲ ಬಿಟ್ ಇಲ್ಲಿಗೆ ಮುಟ್ಟಲು 22 ಗಂಟೆಗೂ ಹೆಚ್ಚು ಬೇಕು. ಆದರೆ ಆ ಕಾಯುವಿಕೆ ಬೇರೆ, ತುಂಬುವ ವೇಗ ಬೇರೆ. ನಲ್ಲಿ ತಿರುಗಿಸಿದ ಮೇಲೆ ನೀರು ಬರಲು ಹಿಡಿಯುವ ಹೊತ್ತು ಒಂದು, ಬಂದ ಮೇಲೆ ಕೊಡ ತುಂಬಲು ಹಿಡಿಯುವ ಹೊತ್ತು ಇನ್ನೊಂದು.

ಇನ್ನು ಬಸ್ಸಿನ ಲೆಕ್ಕ. 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಒಂದು ಕಚೇರಿಯವರು ತಮ್ಮ ಅಂತರಜಾಲದ ನಿಧಾನಕ್ಕೆ ಬೇಸತ್ತು ವಿನ್‌ಸ್ಟನ್ ಎಂಬ ಪಾರಿವಾಳದ ಕಾಲಿಗೆ 4 ಗಿಗಾಬೈಟ್ ತುಂಬಿದ ಚಿಪ್ಪು ಕಟ್ಟಿ ಹಾರಿಬಿಟ್ಟರು. ಅದು 1 ಗಂಟೆ 8 ನಿಮಿಷದಲ್ಲಿ ಹಾರಿ ಮುಟ್ಟಿತು. ಚಿಪ್ಪಿನಿಂದ ಕಂಪ್ಯೂಟರಿಗೆ ಇಳಿಸಿದ್ದೂ ಸೇರಿ ಎರಡು ಗಂಟೆ ಏಳು ನಿಮಿಷ. ಅಷ್ಟು ಹೊತ್ತಿಗೆ ತಂತಿಯಲ್ಲಿ ಹೋಗಿದ್ದದ್ದು ನೂರಕ್ಕೆ ನಾಲ್ಕು ಪಾಲು! ಹಾಗಾದರೆ ನಮ್ಮೂರಿನ ಬಸ್ಸು? 32 ಗಿಗಾಬೈಟಿನ ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು ಮೂರು ಗಂಟೆ ಪ್ರಯಾಣ ಮಾಡಿದರೆ ಸೆಕೆಂಡಿಗೆ 23 ಮೆಗಾಬಿಟ್‌ಗೂ ಮೇಲೆ. ನಾನು ಜಂಬಪಟ್ಟ ಹದಿನಾರಕ್ಕಿಂತ ಹೆಚ್ಚು. ಆ ಅಪ್ಪ ಬಸ್ಸಿಗೆ ಹೋಗುತ್ತೇನೆಂದಾಗ ಅವರು ಹೇಳಿದ್ದು ಅಪ್ಪಟ ವಿಜ್ಞಾನ. ನಾನು ನಕ್ಕದ್ದು ಅಜ್ಞಾನ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಕಡೆಗೊಂದು ಲೆಕ್ಕ ಉಳಿದಿತ್ತು. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನಾಚಿಸಿತು. ಆ ಹುಡುಗಿಯ ನಾಲ್ಕು ತಿಂಗಳ ಶ್ರಮದ ಸಾರ ಏನು? 122 ಅಂಕಿಗಳು. ಒಂದೊಂದಕ್ಕೂ ಮೂರು ಅಂಕೆ, ನಡುವೆ ಒಂದು ಅಲ್ಪವಿರಾಮ. ಒಟ್ಟು 488 ಬೈಟ್, 500 ಎನ್ನಿ. ಬಿಟ್‌ನಲ್ಲಿ 4000. ಸತ್ತ ನೆಟ್ಟು ಎಂದೆವಲ್ಲ, ಆ 64 ಕಿಲೋಬಿಟ್‌ನಲ್ಲಿ ಅದು ಒಂದು ಸೆಕೆಂಡಿನ ಹದಿನಾರನೇ ಒಂದು ಭಾಗದಲ್ಲಿ ಹೋಗುತ್ತದೆ. ವಾಯೇಜರ್ ಅದನ್ನು ಇಪ್ಪತ್ತೈದು ಸೆಕೆಂಡಿನಲ್ಲಿ ಸುರಿಯುತ್ತದೆ. ನನ್ನ ದೊಡ್ಡಪ್ಪ ಕಟ್ಟ ಕಡ ಎಂದು ಐದು ನಿಮಿಷದಲ್ಲಿ ಕಳಿಸಿ ಬೀಡಿ ಹಚ್ಚುತ್ತಿದ್ದರು. ಮಳೆಯ ಸತ್ಯ 500 ಬೈಟ್. ನಾವು ಕಟ್ಟಿಕೊಂಡ ಮೆರವಣಿಗೆ 70 ಕೋಟಿ ಬೈಟ್! ಅದರಲ್ಲಿ ನಾನು ಊಟದ ಹೊತ್ತಿನಲ್ಲಿ ಸೇರಿಸಿದ ಶಾಲೆಯ ಹೆಸರಿನ ಅಲಂಕಾರವೂ ಇತ್ತು.

ಕೇಳಿದ್ದೇ ವಿಡಿಯೋ ಆದಾಗ ಅಂಕಿಗಳನ್ನಷ್ಟೇ ಕಳಿಸಿ ಗೆಲ್ಲಲಾಗುತ್ತಿರಲಿಲ್ಲ, ನಿಜ. ಆದರೆ ನಾಯಿ ಬೊಗಳಿದ್ದನ್ನು ತೆಗೆಯುವ ಬದಲು ಚಿತ್ರದ ದರ್ಜೆಯನ್ನು ಇಳಿಸಿ ಕಡತವನ್ನು ಹತ್ತನೇ ಒಂದು ಪಾಲು ಮಾಡಬಹುದಿತ್ತು. ಸಂಕದ ಮೇಲೂ ಹತ್ತು ನಿಮಿಷ ಚಿಲ್ಲರೆಯಲ್ಲಿ ದಾಟುತ್ತಿತ್ತು. ಅದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಏಕೆಂದರೆ ಉತ್ತರ ನನಗೆ ಮೊದಲೇ ಗೊತ್ತಿತ್ತು.

* * *

ವಾರದ ನಂತರ ಹತ್ತನೇ ತರಗತಿಗೆ ಹೋದವನೇ ಕಪ್ಪುಹಲಗೆಯ ಮೇಲೆ 700 ಭಾಗಿಸು 16, ಸಮ 43.75 ಎಂದು ಬರೆದೆ. "ಒಬ್ಬರು ಹೀಗೆ ಬರೆದಿದ್ದಾರೆ, ತಪ್ಪೇನು?" ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಹುಡುಗನೊಬ್ಬ, "ಯೂನಿಟ್ ಇಲ್ಲ ಸಾರ್, ಅರ್ಧ ಅಂಕ ಕಟ್!" ಎಂದು ಕೂಗಿದ. ತರಗತಿಯೆಲ್ಲ ನಕ್ಕಿತು. "ಬರೆದವನು ನಾನೇ" ಎಂದೆ. ನಗು ನಿಂತಿತು. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಮೂರನೇ ಬೆಂಚಿನಲ್ಲಿದ್ದ ಆ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ಅಂದು ಮಧ್ಯಾಹ್ನ ಅವಳನ್ನು ಕರೆದು ಕೇಳಿದೆ: "ಆವತ್ತು ನಾನು ಲೆಕ್ಕ ಬರೆದಾಗ ನೀನು ಏನೋ ಕೇಳಬೇಕೆಂದಿದ್ದೆಯಲ್ಲ, ಏನಮ್ಮಾ ಅದು?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಲವತ್ತನಾಲ್ಕು ಏನು ಸಾರ್ ಅಂತ ಕೇಳ್ಬೇಕು ಅನ್ಸಿತ್ತು" ಎಂದಳು.

"ಮತ್ತೆ ಯಾಕೆ ಕೇಳಲಿಲ್ಲ?"

"ನೀವು ಸೆಕೆಂಡು ಅಂದ್ರಲ್ಲ ಸಾರ್."

ಮಕ್ಕಳು ನಮ್ಮನ್ನು ನಂಬುತ್ತಾರೆ. ಅದು ಎಷ್ಟು ಭಾರದ ಹೊರೆ ಎಂದು ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ಅಂದು ಅರ್ಥವಾಯಿತು.

ಡಿಸೆಂಬರಿನ ಕಿರುಪರೀಕ್ಷೆಯಲ್ಲಿ ಪಠ್ಯದಾಚೆಯ ಒಂದು ಪ್ರಶ್ನೆ ಸೇರಿಸಿದೆ. 'ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 700 ಮೆಗಾಬೈಟ್ ಕಡತವನ್ನು 80 ನಿಮಿಷಗಳಲ್ಲಿ ಕಳಿಸಬಹುದೇ? ಲೆಕ್ಕ ಹಾಕಿ ತಿಳಿಸಿ. ಅಂಕ ಮೂರು.' ಅನೇಕರು ಸರಿಯಾಗಿ ಬರೆದಿದ್ದರು. ಆ ಹುಡುಗಿಯ ಉತ್ತರ ಒಂದು ಪುಟವಿತ್ತು. ಮೆಗಾಬೈಟನ್ನು ಮೆಗಾಬಿಟ್ ಮಾಡಿದ್ದಳು, ಪ್ರತಿ ಹಂತದಲ್ಲೂ ಏಕಮಾನ ಬರೆದಿದ್ದಳು, ಗೋಣಿಚೀಲದ ತೂಕವನ್ನೂ ಕಳೆದಿದ್ದಳು. ಕೊನೆಯ ಸಾಲು ಹೀಗಿತ್ತು: 'ಆದ್ದರಿಂದ 80 ನಿಮಿಷ ಸಾಲದು. ಹತ್ತೂವರೆಯ ಬಸ್ಸಿಗೆ ಕೊಟ್ಟು ಕಳಿಸುವುದು ಉತ್ತಮ.'

ನಕ್ಕೆ. ನಗುತ್ತ ಕಣ್ಣು ಒರೆಸಿಕೊಂಡೆ. ಮೂರಕ್ಕೆ ಮೂರು ಅಂಕ ಹಾಕಿದೆ.

ಈಗ ನಮ್ಮ ಮನೆಗೂ ಗಾಜಿನ ಎಳೆಯ ತಂತಿ ಬಂದಿದೆ. ಹೋಗುವ ದಾರಿ, ಬರುವ ದಾರಿ ಎರಡೂ ಸೆಕೆಂಡಿಗೆ 100 ಮೆಗಾಬಿಟ್. ಅದೇ ಕಡತ ಈಗ ಒಂದು ನಿಮಿಷದ ಕೆಲಸ. ದಿನವಿಡೀ ಹರಿಸಿದರೆ 1,080 ಗಿಗಾಬೈಟ್ ಹೊರುವ ತಾಕತ್ತು ಅದಕ್ಕಿದೆ. ಮನೆಯಲ್ಲಿ ಯಾರಾದರೂ 'ನೂರು ಎಂಬಿ' ಎಂದರೆ ನಾನು ಈಗಲೂ 'ನೂರು ಏನು?' ಎಂದು ಕೇಳುತ್ತೇನೆ. ಮನೆಯಾಕೆ ನಿಟ್ಟುಸಿರು ಬಿಡುತ್ತಾಳೆ.

ಆ ಹುಡುಗಿ ಬೇರೆ ದಾರಿಯಿಂದಲೇ ಮುಂದೆ ಓದಿದಳು, ಈಗ ಬಿಎಸ್ಸಿ ಮಾಡುತ್ತಿದ್ದಾಳೆ. ಮಳೆಗಾಲದಲ್ಲಿ ಅವಳ ಅಜ್ಜಿ ಇನ್ನೂ ಬಾಟಲಿ ನೋಡಿ ಅಂಕಿ ಹೇಳುತ್ತಾರಂತೆ. ಅವಳಿಗೆ ಸಿಗಬಹುದಾಗಿದ್ದ ಸಹಾಯಧನವನ್ನು ನಾನು ಮರಳಿ ಕೊಡಲಾರೆ. ಅಂದು ಉತ್ತರ ಪತ್ರಿಕೆ ತಿದ್ದುವಾಗ ಮೂರರ ಮೇಲೆ ಇನ್ನೊಂದು ಅರ್ಧ ಅಂಕ ಹಾಕಬೇಕೆಂದು ಕೆಂಪು ಪೆನ್ನು ಎತ್ತಿದ್ದೆ. ಮೂರಕ್ಕೆ ಮೂರೂವರೆ ಕೊಡುವ ಅಧಿಕಾರ ಯಾವ ಮೇಷ್ಟ್ರಿಗೂ ಇಲ್ಲ. ಪೆನ್ನು ಮುಚ್ಚಿಟ್ಟೆ. ಆ ಅರ್ಧ ಅಂಕ ಇವತ್ತಿಗೂ ನನ್ನ ಲೆಕ್ಕದಲ್ಲಿ ಬಾಕಿ ಇದೆ.